ಪದರಗಳು ಅಂಟದಂತೆ ಮಾಡಲು ಎರಡು ವರ್ಷ: ನನ್ನ ಅನುಭವ

ದೀಪಾವಳಿಗೆ ಮುಂಚೆ ಸುಟ್ಟ ಸೆಟ್ಟರ್ ಪ್ಲೇಟುಗಳು (ಫರ್ನೇಸಿನೊಳಗೆ ಸುಡುವ ಮಾಲನ್ನು ಇಡುವ ತಟ್ಟೆಗಳು) ಇನ್ನೂ ನಮ್ಮ ಫರ್ನೇಸಿನಲ್ಲೇ ಇವೆ. ಕಾಯಿಸಿ ಆರಿಸಿದ್ದು ಅರವತ್ತು ಸುತ್ತು ದಾಟಿರಬೇಕು. ಹೊಸೂರಿನ ನಮ್ಮ ಶೆಡ್ಡಿಗೆ ಬಂದು "ಬಿರುಕು ಬಿಟ್ಟರೂ ತುಂಡಾಗದ ಪ್ಲೇಟಾ? ಇದು ಆಗೋದಲ್ಲ" ಅಂದವರಿಗೆ ಈಗ ಒಂದೊಂದು ತುಂಡು ಕೈಗೆ ಕೊಟ್ಟು ಕಳಿಸುತ್ತೇನೆ.

ಸಾದಾ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಪ್ಲೇಟು ಹತ್ತು ಹನ್ನೆರಡು ಸುತ್ತಿಗೇ ಸೀಳುತ್ತಿತ್ತು, ಮೇಲಿಟ್ಟ ಮಾಲೂ ಹೋಗುತ್ತಿತ್ತು. ಅದಕ್ಕೇ ಸುಡದ ಅಲ್ಯೂಮಿನಾದ ತೆಳು ಹಾಳೆಗಳನ್ನು (ಟೇಪು) ಪೇರಿಸಿ, ನಡುವೆ ಬಿರುಕನ್ನು ಪಕ್ಕಕ್ಕೆ ತಿರುಗಿಸುವ ಪದರ ಹಾಕಲು ಹೊರಟೆ. ಈ ಪದರ ಹಾಳೆಗೆ ಗಟ್ಟಿಯಾಗಿ ಅಂಟಬಾರದು, ಅಂಟಿದರೆ ಬಿರುಕು ತಿರುಗದೆ ನೇರ ಸೀಳಿಕೊಂಡು ಹೋಗುತ್ತದೆ.

ಮೊದಲು ಗ್ರಾಫೈಟ್ ಬಳಿದೆ. ಸಿಲಿಕಾನ್ ಕಾರ್ಬೈಡ್ ಹಾಳೆಗಳಲ್ಲಿ ಇದು ನಡೆಯುತ್ತದೆ ಎಂದು 1990ರಲ್ಲೇ ಸಂಶೋಧಕರು ತೋರಿಸಿದ್ದರು. ಆದರೆ ನನ್ನದು ಗಾಳಿಯಾಡುವ ಫರ್ನೇಸು. ಗ್ರಾಫೈಟ್ ಉರಿದುಹೋಯಿತು, 1600 ಡಿಗ್ರಿಯಲ್ಲಿ ಹಾಳೆಗಳು ಒಂದಾಗಿ ಕೂತವು. ಸುಮಾರು ನಲವತ್ತು ಸಾವಿರ ಹೋಯಿತು.

ಆಮೇಲೆ ಲ್ಯಾಂಥನಮ್ ಫಾಸ್ಫೇಟ್. ಈ ಶಾಖಕ್ಕೂ ಅಲ್ಯೂಮಿನಾ ಜೊತೆ ಬೆರೆಯುವುದಿಲ್ಲ. ಆದರೆ ಅದರಲ್ಲಿರುವ ಲ್ಯಾಂಥನಮ್, ರಂಜಕ (ಫಾಸ್ಫರಸ್) ಎರಡೂ ಒಂದಕ್ಕೊಂದು ಸರಿಯಾಗಿರಬೇಕು. ಮೊದಲ ಬ್ಯಾಚು ಗಾಜಿನಂತೆ ಟಪ್ ಎಂದು ಮುರಿಯಿತು. ರಂಜಕ ಜಾಸ್ತಿಯಾಗಿ ಅಲ್ಯೂಮಿನಿಯಂ ಫಾಸ್ಫೇಟ್ ಹುಟ್ಟಿ ಪದರಗಳನ್ನು ಬೆಸೆದಿತ್ತು. ಲ್ಯಾಂಥನಮ್ ಆಕ್ಸೈಡ್ ಹೆಚ್ಚಿಸಿದೆ. ಆಗ ಲ್ಯಾಂಥನಮ್ ಅಲ್ಯೂಮಿನೇಟ್ ಆಗಿ ಮತ್ತೆ ಅಂಟಿತು. ಫರ್ನೇಸ್ ನೋಡಿಕೊಳ್ಳುವ ಹುಡುಗ ಕೇಳಿದ: "ಅಣ್ಣಾ, ಎಲ್ಲರೂ ಅಂಟಿಸೋಕೆ ಒದ್ದಾಡ್ತಾರೆ. ನೀವು ಅಂಟದಿರಲಿ ಅಂತ ದುಡ್ಡು ಸುರೀತೀರಲ್ಲ?"

ತಪ್ಪು ತೂಕದಲ್ಲಿತ್ತು. ಲ್ಯಾಂಥನಮ್ ಆಕ್ಸೈಡ್ ಗಾಳಿಯ ತೇವ ಹೀರುತ್ತದೆ. ನಾನು ನೀರನ್ನೂ ಸೇರಿಸಿ ತೂಗುತ್ತಿದ್ದೆ, ಅದೂ ದಿನಕ್ಕೊಂದು ಲೆಕ್ಕ! 1000 ಡಿಗ್ರಿಗೆ ಕಾಯಿಸಿ, ಗಾಳಿ ಸೋಕದಂತೆ ಆರಿಸಿ, ಕೂಡಲೇ ತೂಗಿದ ಮೇಲೆ ಸರಿಹೋಯಿತು. ಇದನ್ನು ಹಿಡಿಯುವಷ್ಟರಲ್ಲಿ ಇನ್ನೊಂದು ಲಕ್ಷ ಕರಗಿತ್ತು.

ಪದರ ದಪ್ಪವಾದರೆ ಸುಟ್ಟ ಮೇಲೆ ತಣ್ಣಗಾಗುವಾಗ ಅಂಚಿನಲ್ಲಿ ತಾನೇ ಬಿಡುತ್ತದೆ, ಏಕೆಂದರೆ ಅದು ಅಲ್ಯೂಮಿನಾಗಿಂತ ಜಾಸ್ತಿ ಕುಗ್ಗುತ್ತದೆ. ನನಗೆ ಇಪ್ಪತ್ತು ಮೈಕ್ರಾನ್ ಆಸುಪಾಸು ಒಗ್ಗಿತು. ಅಷ್ಟು ತೆಳುವಾಗಿ, ಸಮನಾಗಿ ಹೇಗೆ ಬಳಿಯುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಉಳಿದ ಸ್ಲರಿಯನ್ನು (ಬಳಿಯಲು ಕಲಸಿದ ಫಾಸ್ಫೇಟ್ ಗಂಜಿಯನ್ನು) ಸಾದಾ ಪ್ಲೇಟಿನ ಮೇಲೂ ಬಳಿದು ನೋಡಿದೆ. ಮಾಲು ಅಂಟಲಿಲ್ಲ, ಆದರೆ ಉಗುರು ತಾಗಿದರೆ ಉದುರುತ್ತದೆ. ಅದನ್ನು ಮತ್ತೆ ಹಿಡಿಯಬೇಕು.

ಪದರದ ಪ್ಲೇಟನ್ನು ಎರಡು ಸರಳಿನ ಮೇಲಿಟ್ಟು ಬಕೆಟ್ ತೂಗುಹಾಕಿ ಪರೀಕ್ಷಿಸಿದೆ. ಮೊದಲ ಬಿರುಕು ಸಾದಾ ಪ್ಲೇಟಿಗಿಂತ ಸ್ವಲ್ಪ ಬೇಗ ಬರುತ್ತದೆ, ನಿಜ. ಆದರೆ ತುಂಡಾಗದೆ ಭಾರ ಹೊರುತ್ತಲೇ ಇರುತ್ತದೆ.

ಮೊನ್ನೆ ಒಂದು ಪ್ಲೇಟಿನ ಅಂಚಿನಲ್ಲಿ ಬಿರುಕು ಕಂಡಿತು. ಎರಡನೇ ಪದರದವರೆಗೆ ಇಳಿದು ಪಕ್ಕಕ್ಕೆ ತಿರುಗಿ ನಿಂತಿತ್ತು. ಅದನ್ನೇ ಮತ್ತೆ ಒಳಗಿಟ್ಟೆವು.