ಅಲಗಿನ ಬುಡ ಓದಿ, ಆಮೇಲೆ ಚಾಕು ಕೊಳ್ಳಿ

ಬೇಸಿಗೆಯ ಶನಿವಾರ ಬೆಳಿಗ್ಗೆ ಅಮೆರಿಕದ ಊರುಗಳಲ್ಲಿ ಒಂದಲ್ಲ ಒಂದು ಮನೆ ಮುಂದೆ ಮೇಜು ಹಾಕಿ ಹಳೇ ಸಾಮಾನು ಮಾರುತ್ತಿರುತ್ತಾರೆ. ಗಾಜಿನ ಲೋಟ, ಮಕ್ಕಳ ಸೈಕಲ್ಲು, ಓದಿ ಬಿಟ್ಟ ಪುಸ್ತಕ. ಅದರ ನಡುವೆ ಮೊಳೆ, ಸ್ಕ್ರೂ, ಬೀಗದ ಕೈ ತುಂಬಿದ ತಗಡಿನ ಡಬ್ಬಿಯೊಂದು ಇರುತ್ತದೆ. ನಾನು ಮೊದಲು ಕೈ ಹಾಕುವುದೇ ಆ ಡಬ್ಬಿಗೆ. ಅದರ ತಳದಲ್ಲಿ ಯಾರದೋ ಅಜ್ಜನ ಮಡಚುವ ಚಾಕು ಸಿಕ್ಕರೂ ಸಿಗಬಹುದು.

ಅಮೆರಿಕದಲ್ಲೇ ತಯಾರಾದ ಜೇಬಿನ ಚಾಕು ಅಂದರೆ ದುಬಾರಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹೊಸದಾದರೆ ಹೌದು, ಜಾಸ್ತಿಯೇ. ಆದರೆ ಹಳೆಯವು ಒಂದು ಊಟದ ಬೆಲೆಗೆ ಈಗಲೂ ಸಿಗುತ್ತವೆ. ಸಂಗ್ರಹಕ್ಕೂ ಸರಿ, ಊರಿಗೆ ಹೋಗುವಾಗ ಉಡುಗೊರೆಗೂ ಸರಿ. ಅದಕ್ಕೆ ನೀವು ಕಲಿಯಬೇಕಾದದ್ದು ಮುಖ್ಯವಾಗಿ ಒಂದೇ: ಅಲಗಿನ ಬುಡ ಓದುವುದು.

ಮೊದಲು ಬುಡ ನೋಡಿ

ಚಾಕು ಬಿಚ್ಚಿ. ಅಲಗು ಹಿಡಿಯೊಳಗೆ ಸೇರುವ ಕಡೆ, ಅಂದರೆ ಮೊನೆಯಿಂದ ದೂರದ ತುದಿಯಲ್ಲಿ, ಹರಿತವಿಲ್ಲದ ಚಿಕ್ಕ ಚೌಕ ಜಾಗ ಇರುತ್ತದೆ. ಅದಕ್ಕೆ ಟ್ಯಾಂಗ್ ಅನ್ನುತ್ತಾರೆ. ಕಂಪನಿಯ ಹೆಸರು, ಊರು, ಕೆಲವು ಸಲ ಇಸವಿ ಕೂಡ ಅಲ್ಲೇ ಒತ್ತಿರುತ್ತಾರೆ. ಅಕ್ಷರ ಸಾಸಿವೆ ಕಾಳಿಗಿಂತ ಸಣ್ಣದು, ಮೇಲೆ ಕೊಳೆ ಬೇರೆ. ಹೆಬ್ಬೆರಳಿಂದ ಉಜ್ಜಿ, ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ. ಎರಡೂ ಬದಿ ನೋಡಲೇಬೇಕು.

ಎರಡೂ ಬದಿ ಯಾಕೆ ಅಂದರೆ, ಹಳೇ ಹೆಸರುಗಳಲ್ಲಿ ಹಲವು ಈಗ ಬೇರೆಯವರ ಕೈಗೆ ಹೋಗಿವೆ. ಶ್ರೇಡ್ ಚಾಕುಗಳು ನ್ಯೂಯಾರ್ಕ್ ರಾಜ್ಯದ ಎಲೆನ್‌ವಿಲ್‌ನಲ್ಲಿ ತಯಾರಾಗುತ್ತಿದ್ದವು. ಆ ಕಾರ್ಖಾನೆ 2004ರಲ್ಲಿ ಮುಚ್ಚಿತು. ಅದೇ ರಾಜ್ಯದ ಕ್ಯಾಮಿಲಸ್ ಊರಿನ ಕ್ಯಾಮಿಲಸ್ ಕಾರ್ಖಾನೆ 2007ರಲ್ಲಿ ಮುಚ್ಚಿತು. ಹೆಸರುಗಳು ಮಾರಾಟವಾದವು, ಆಮೇಲೆ ಆ ಹೆಸರಿನಲ್ಲಿ ಚೀನಾದಲ್ಲಿ ಮಾಡಿದ ಚಾಕುಗಳು ಬಂದವು. ಒಂದು ಕಡೆ ಹಳೇ ಅಮೆರಿಕನ್ ಹೆಸರು, ತಿರುಗಿಸಿದರೆ 'ಚೀನಾ'. ಹೊರದೇಶದ ಚಾಕುವಿನ ಮೇಲೆ ದೇಶದ ಹೆಸರು ಒತ್ತಿಯೋ ಕೆತ್ತಿಯೋ ಇರಬೇಕು, ಬರೀ ಚೀಟಿ ಅಂಟಿಸಿದರೆ ಸಾಲದು ಅನ್ನುವುದು ಅಮೆರಿಕದ ಕಾನೂನು. ಶುರುವಿನಲ್ಲಿ ನಾನು ಒಂದೇ ಬದಿ ನೋಡಿ ಸಂತೆಯಲ್ಲಿ 20 ಡಾಲರ್ ಕೊಟ್ಟು ಮನೆಗೆ ಬಂದಿದ್ದೆ. ರಾತ್ರಿ ದೀಪದ ಕೆಳಗೆ ತಿರುಗಿಸಿ ನೋಡಿದಾಗ ಹೊಟ್ಟೆ ಉರಿಯಿತು.

ಶ್ರೇಡ್ ಹೆಸರಿನ ಜೊತೆ 'ಯುಎಸ್ಎ' ಇದ್ದರೆ ಧೈರ್ಯವಾಗಿ ತಗೊಳ್ಳಿ. 'ವಾಲ್ಡನ್' ಅಂತ ಇದ್ದರೆ ಅದು ಇನ್ನೂ ಹಳೆಯದು. ಶ್ರೇಡ್‌ನ 'ಓಲ್ಡ್ ಟೈಮರ್' ಸಾಲಿನ ಕಂದು ಹಿಡಿಯ ಚಾಕುಗಳನ್ನು ಎಷ್ಟೊಂದು ಮಾಡಿದ್ದರು ಅಂದರೆ, ಕಾರ್ಖಾನೆ ಮುಚ್ಚಿ ಇಷ್ಟು ವರ್ಷವಾದರೂ ಸುಲಭವಾಗಿ ಸಿಗುತ್ತವೆ. ಹೊಸಬರು ಶುರು ಮಾಡಲು ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ನನ್ನ ಮೊದಲ ಮೂರಲಗಿನ ಓಲ್ಡ್ ಟೈಮರ್ 8 ಡಾಲರ್‌ಗೆ ಸಿಕ್ಕಿತ್ತು. ಕ್ಯಾಮಿಲಸ್ ಅಮೆರಿಕದ ಸೈನ್ಯಕ್ಕೆ ಮಾಡಿಕೊಡುತ್ತಿದ್ದ ಪೂರ್ತಿ ಸ್ಟೀಲಿನ ಚಾಕುಗಳ ಬುಡದಲ್ಲಿ ಇಸವಿಯೇ ಇರುತ್ತದೆ. ಇನ್ನು 'ಪ್ರಾವಿಡೆನ್ಸ್' ಅಂತ ಊರ ಹೆಸರಿರುವ ಇಂಪೀರಿಯಲ್ ಚಾಕುಗಳಲ್ಲಿ ಹೆಚ್ಚಿನವುಗಳ ಹಿಡಿ ಬರೀ ತೆಳು ತಗಡಿನ ಹೊದಿಕೆ. ಅವುಗಳ ಬೆಲೆಯೂ ಕಡಿಮೆ, ಸುಮ್ನೆ ಬಿಚ್ಚಿ ಕಲಿಯಲು ಒಂದೆರಡು ಇಟ್ಟುಕೊಳ್ಳಿ.

ಚುಕ್ಕಿಯಲ್ಲಿ ಹುಟ್ಟಿದ ವರ್ಷ

ಉಡುಗೊರೆಗೆ ಅಂದರೆ ನನ್ನ ಮನಸ್ಸು ಕೇಸ್ ಚಾಕುವಿನ ಕಡೆಗೇ. ಪೆನ್ಸಿಲ್ವೇನಿಯಾದ ಬ್ರ್ಯಾಡ್‌ಫರ್ಡ್‌ನ ಕಂಪನಿ ಅದು, ಈಗಲೂ ಅಲ್ಲೇ ಮಾಡುತ್ತದೆ. 1970ರಲ್ಲಿ ಅವರೊಂದು ಚಂದದ ಲೆಕ್ಕ ಶುರು ಮಾಡಿದರು. ಆ ವರ್ಷದ ಚಾಕುವಿನ ಬುಡದಲ್ಲಿ ಹೆಸರಿನ ಕೆಳಗೆ 10 ಚುಕ್ಕಿ. 1971ರಲ್ಲಿ 9. ಹೀಗೆ ವರ್ಷಕ್ಕೊಂದು ಚುಕ್ಕಿ ತೆಗೆಯುತ್ತಾ 1979ಕ್ಕೆ ಒಂದೇ ಉಳಿಯಿತು. 1980ರಲ್ಲಿ ಮತ್ತೆ 10ರಿಂದ ಶುರು. ಎರಡು ದಶಕ ಕಲಸಿಹೋಗದ ಹಾಗೆ, ಈ ಸಲ ಹೆಸರಿನ 'ಎಸ್' ಅಕ್ಷರ ಮಿಂಚಿನ ಗೆರೆಯಂತೆ ಚೂಪಾಯಿತು. ಚುಕ್ಕಿಯೇ ಇಲ್ಲದೆ 'ಯುಎಸ್ಎ' ಇದ್ದರೆ 1965ರಿಂದ 1969ರ ನಡುವಿನದು.

ನನ್ನ ಅಣ್ಣ ಹುಟ್ಟಿದ್ದು 1974ರಲ್ಲಿ. ಅಂದರೆ 6 ಚುಕ್ಕಿ. ಎಂಟು ತಿಂಗಳು ಹುಡುಕಿದೆ. ಕೊನೆಗೆ ಸಿಕ್ಕಿದ್ದರ ಮೇಲೆ 6318 ಅಂತ ಅಂಕಿ ಇತ್ತು. ಈ ಅಂಕಿಗೂ ಅರ್ಥವಿದೆ. ಮೊದಲ 6 ಅಂದರೆ ಗೀರು ಕೆತ್ತಿದ ಮೂಳೆಯ ಹಿಡಿ. 3 ಅಂದರೆ ಮೂರು ಅಲಗು. 18 ಅನ್ನುವುದು ಮಾದರಿಯ ನಂಬರು. ದನ ಸಾಕುವವರಿಗಾಗಿ ಬಂದ 'ಸ್ಟಾಕ್‌ಮನ್' ಮಾದರಿ ಅದು. ಚೂಪು ಮೊನೆಯ ದೊಡ್ಡ ಅಲಗು, ನೇರ ಅಂಚಿನದು ಒಂದು, ಮೊಂಡು ಮೊನೆಯದು ಇನ್ನೊಂದು. ಮೊಂಡು ಮೊನೆಯದು ಹೋರಿಗಳ ಬೀಜ ತೆಗೆಯಲು. ಪಕ್ಕದಲ್ಲಿ ಚುಚ್ಚಬಾರದು ಅಂತಲೇ ಆ ಆಕಾರ.

ಎಲ್ಲಿ ಹುಡುಕಬೇಕು

ಮನೆ ಮುಂದಿನ ಮಾರಾಟಕ್ಕಿಂತ ಎಸ್ಟೇಟ್ ಸೇಲ್ ಮೇಲು. ಹಿರಿಯರು ತೀರಿಕೊಂಡ ಮೇಲೆ ಇಡೀ ಮನೆಯ ಸಾಮಾನು ಮಾರುವುದು ಅದು. ಜನ ಬೆಳ್ಳಿ, ಮೇಜು ಕುರ್ಚಿ ಅಂತ ಒಳಗೆ ಓಡುತ್ತಾರೆ. ನೀವು ನೇರ ಗ್ಯಾರೇಜಿಗೆ ಹೋಗಿ. ಕೊನೆಯ ದಿನ ಎಷ್ಟೋ ಕಡೆ ಅರ್ಧ ಬೆಲೆ. ಸಮಯ ಇದ್ದರೆ ಆಗಸ್ಟ್ ಮೊದಲ ವಾರದಲ್ಲಿ ಮಿಷಿಗನ್‌ನಿಂದ ಅಲಬಾಮಾವರೆಗೆ 690 ಮೈಲಿ ರಸ್ತೆಯುದ್ದಕ್ಕೂ ನಡೆಯುವ '127 ಯಾರ್ಡ್ ಸೇಲ್'ಗೆ ಹೋಗಿ ಬನ್ನಿ.

ಆನ್‌ಲೈನ್ ಮಾರಾಟ ತಾಣ ಈಬೇಯಲ್ಲಿ ಬಿಡಿ ಚಾಕುವಿಗಿಂತ ಹತ್ತು ಹದಿನೈದು ಸೇರಿದ ಗುಂಪು ಅಗ್ಗ. ಕೊಳ್ಳುವ ಮುಂಚೆ ಈಗಾಗಲೇ ಮಾರಾಟವಾದವುಗಳ ಬೆಲೆ ನೋಡಿ. ಮಾರುವವರು ಕೇಳುವ ಬೆಲೆ ಲೆಕ್ಕಕ್ಕಿಲ್ಲ. ಬುಡದ ಫೋಟೋ ಇಲ್ಲದಿದ್ದರೆ ಕೇಳಿ ತರಿಸಿಕೊಳ್ಳಿ. ಕೊಡದಿದ್ದರೆ ಬಿಟ್ಟುಬಿಡಿ.

ಹೊಸದೇ ಬೇಕು ಅನ್ನುವವರಿಗೆ ಬಕ್ 110 ಇದೆ. 1964ರಿಂದ ಬರುತ್ತಿರುವ ಮಾದರಿ, 2005ರಿಂದ ಕಂಪನಿ ಇರುವುದು ಐಡಾಹೊ ರಾಜ್ಯದ ಪೋಸ್ಟ್ ಫಾಲ್ಸ್‌ನಲ್ಲಿ. ಹಿತ್ತಾಳೆ, ಮರದ ಹಿಡಿ. ಸುಮಾರು 200 ಗ್ರಾಂ ತೂಗುತ್ತದೆ, ಲುಂಗಿಯ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಚಾಕುವಲ್ಲ. ಅದೇ ಕಂಪನಿಯ ಕೆಲವು ಅಗ್ಗದ ಮಾದರಿಗಳು ಚೀನಾದಲ್ಲಿ ತಯಾರಾಗುತ್ತವೆ, ಪೆಟ್ಟಿಗೆಯ ಮೇಲೆ ನೋಡಿಕೊಳ್ಳಿ.

ಕೈಯಲ್ಲಿ ಹಿಡಿದು ಪರೀಕ್ಷೆ

ಅಲಗನ್ನು ಬಿಚ್ಚಿ ಮುಚ್ಚಿ. ಬಿಚ್ಚುವಾಗ, ಮುಚ್ಚುವಾಗ ಎರಡೂ ಸಲ 'ಟಕ್' ಅಂತ ಗಟ್ಟಿ ಸದ್ದು ಬರಬೇಕು. ಬಂದರೆ ಸ್ಪ್ರಿಂಗ್ ಜೀವಂತ. ಅಲಗು ಅಡ್ಡಡ್ಡ ಅಲ್ಲಾಡಿದರೆ ಬೆಲೆ ಇಳಿಸಿ ಕೇಳಿ.

ಆಮೇಲೆ ಅಲಗು ಎಷ್ಟು ಉಳಿದಿದೆ ನೋಡಿ. ಐವತ್ತು ವರ್ಷ ಸಾಣೆ ಹಿಡಿದ ಅಲಗು ಸವೆದ ಕುಡುಗೋಲಿನ ಹಾಗೆ ಸಣಕಲಾಗಿರುತ್ತದೆ. ಬಳಸಲು ತೊಂದರೆಯಿಲ್ಲ, ಸಂಗ್ರಹಕ್ಕೆ ಬೆಲೆಯಿಲ್ಲ. ಮೂಳೆ ಹಿಡಿಯಲ್ಲಿ ಮೊಳೆಯ ಸುತ್ತ ಕೂದಲೆಳೆಯಷ್ಟು ಬಿರುಕು ಇದೆಯಾ ನೋಡಿ. ಅಲಗಿನ ಮೇಲೆ ಬೂದು, ನೀಲಿ ಛಾಯೆ ಇದ್ದರೆ ಹೆದರಬೇಡಿ, ಕಾರ್ಬನ್ ಸ್ಟೀಲಿಗೆ ಅದು ಸಹಜ. ಕೆಂಪು ತುಕ್ಕು ತಿಂದು ಗುಳಿ ಬಿದ್ದಿದ್ದರೆ ಮಾತ್ರ ಬೇಡ.

ಮನೆಗೆ ತಂದ ಮೇಲೆ ಉಜ್ಜಿ ಫಳಫಳ ಮಾಡಲು ಹೋಗಬೇಡಿ. ಹಳೇ ಚಾಕುವಿನ ಬೆಲೆ ಕೆಡಿಸುವ ಕೆಲಸ ಅದು. ಕಡ್ಡಿಯಿಂದ ಒಳಗಿನ ಕೊಳೆ ತೆಗೆದು, ಕೀಲಿಗೆ ಎರಡು ತೊಟ್ಟು ಹೊಲಿಗೆ ಮಷಿನ್ ಎಣ್ಣೆ ಬಿಡಿ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಗಟ್ಟಿಯಾಗುತ್ತದೆ. ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಇಟ್ಟರೆ ಹಿತ್ತಾಳೆ ಹಸಿರುಗಟ್ಟುತ್ತದೆ. ಆಯುಧ ಪೂಜೆಗೆ ಇಟ್ಟು ಅರಿಶಿನ ಕುಂಕುಮ ಹಚ್ಚಿದರೆ, ಪೂಜೆ ಮುಗಿದ ಮೇಲೆ ಒರೆಸಿ ಎಣ್ಣೆ ಸವರಿಡಿ.

ಊರಿಗೆ ಒಯ್ಯುವಾಗ

ವಿಮಾನದಲ್ಲಿ ಕೈಚೀಲಕ್ಕೆ ಹಾಕಲೇಬೇಡಿ. ಬಟ್ಟೆ ಸುತ್ತಿ ಚೆಕ್-ಇನ್ ಸೂಟ್‌ಕೇಸಿನಲ್ಲಿಡಿ, ಬಿಲ್ ಜೊತೆಗಿರಲಿ. ಗುಂಡಿ ಒತ್ತಿದರೆ ತಾನಾಗಿ ಚಿಮ್ಮುವ ಚಾಕುಗಳ ಸಹವಾಸವೇ ಬೇಡ, ಎಷ್ಟೋ ಕಡೆ ಕಾನೂನಿನ ತೊಡಕಿದೆ.

ಚಾಕು ಉಡುಗೊರೆ ಕೊಟ್ಟರೆ ಸ್ನೇಹ ಕತ್ತರಿಸುತ್ತದೆ ಅನ್ನುವ ನಂಬಿಕೆ ಅಮೆರಿಕದಲ್ಲೂ ಇದೆ. ಅದಕ್ಕೇ ಪಡೆದವರು ಒಂದು ಚಿಲ್ಲರೆ ನಾಣ್ಯ ವಾಪಸು ಕೊಡುತ್ತಾರೆ, ಅಲ್ಲಿಗೆ ಅದು ಕೊಂಡಂತೆ. ಊರಿಗೆ ಹೋದಾಗ, ಸಾಗರದಲ್ಲಿ, ಅಣ್ಣನಿಗೆ ಇದನ್ನು ಹೇಳಿದೆ. ನಮ್ಮಲ್ಲೂ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಅಲ್ವಾ. ಚಾಕುವನ್ನು ಜಗಲಿಯ ಮೇಲಿಟ್ಟೆ. ಅವನು ಅದರ ಪಕ್ಕ ಒಂದು ರೂಪಾಯಿ ಇಟ್ಟ. ಆಮೇಲೆ ಕನ್ನಡಕ ಹಾಕಿಕೊಂಡು, ಅಲಗನ್ನು ಬೆಳಕಿಗೆ ಹಿಡಿದು, ಒಂದೊಂದೇ ಚುಕ್ಕಿ ಎಣಿಸತೊಡಗಿದ.