ಎಂಟನೇ ಸಲಕ್ಕೆ ಬಂದ ಜೇನು ಬಣ್ಣ

ಬ್ಯಾಕ್ಟೀರಿಯಾ ತಡೆಯುವಂತೆ ರೇಷ್ಮೆ ಬಟ್ಟೆಗೆ ನ್ಯಾನೊ ಬೆಳ್ಳಿ, ಅಂದರೆ ಬೆಳ್ಳಿಯ ಅತಿ ಸೂಕ್ಷ್ಮ ಕಣ, ಕೂರಿಸುತ್ತೇನೆ ಎಂದಾಗ ಶಿಡ್ಲಘಟ್ಟದಲ್ಲಿ ರೀಲಿಂಗ್ ನಡೆಸುವ ನಮ್ಮ ಮಾವ, "ಬೆಳ್ಳಿ ಹಾಕೋದಾದ್ರೆ ಜರಿಗೆ ಹಾಕಪ್ಪ, ಮಾರಕಾದ್ರೂ ಆಗ್ತದೆ" ಎಂದು ನಕ್ಕಿದ್ದರು. ಕಾಲೇಜಿನಲ್ಲೂ ನಕ್ಕರು. ಈಗ ಯಾರೂ ನಗುತ್ತಿಲ್ಲ.

ಮೊದಲು ಎಲ್ಲರಂತೆ ರೇಷ್ಮೆ ನೂಲಿನ ಮುಖ್ಯ ಪ್ರೋಟೀನಾದ ಫೈಬ್ರೊಯಿನ್ ಕರಗಿಸಲು ಹೋಗಿ ಕೆಟ್ಟೆ. ಅದನ್ನು ಕರಗಿಸುವ ಲಿಥಿಯಂ ಬ್ರೋಮೈಡಿನ ಬೆಲೆ ಕೇಳಿ ಹೆದರಿ, ಕ್ಯಾಲ್ಸಿಯಂ ಕ್ಲೋರೈಡ್-ಎಥನಾಲ್ ದಾರಿ ಹಿಡಿದೆ. ಕರಗಿತೇನೋ ಸರಿ. ಆದರೆ ಪೊರೆಯ ಟ್ಯೂಬಿನ ಮೂಲಕ ಉಪ್ಪನ್ನು ಹೊರಹಾಕುವ ಡಯಾಲಿಸಿಸ್ಸನ್ನು ಒಂದೇ ದಿನಕ್ಕೆ ಮುಗಿಸಿದ್ದೆ, ಕ್ಲೋರೈಡ್ ಉಳಿದಿತ್ತು. ಬೆಳ್ಳಿಯ ಲವಣವಾದ ಸಿಲ್ವರ್ ನೈಟ್ರೇಟ್ ಬಿಟ್ಟ ಕ್ಷಣ ಬೀಕರ್ ತುಂಬ ಬೆಳ್ಳಿ ಕ್ಲೋರೈಡಿನ ಬಿಳಿ ಮಜ್ಜಿಗೆ! ಡಯಾಲಿಸಿಸ್ ಟ್ಯೂಬಿಗೆ ಸುರಿದ ಮೂರು ಸಾವಿರ ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ಕರಗಿಸುವುದೇ ಬೇಡ ಎಂದು ನೇರ ಬಟ್ಟೆಯನ್ನೇ ಅದ್ದಿದೆ. ಮತ್ತೆ ಮಜ್ಜಿಗೆ. ಮೂರು ವಾರ ರೇಷ್ಮೆಯನ್ನೇ ಬೈದುಕೊಂಡೆ. ತಪ್ಪು ನೀರಿನದು. ಡಿಸ್ಟಿಲ್ಡ್ ಎಂದು ಕ್ಯಾನಿನಲ್ಲಿ ತಂದ ಬ್ಯಾಟರಿ ನೀರಿಗೆ ಒಂದು ತೊಟ್ಟು ಸಿಲ್ವರ್ ನೈಟ್ರೇಟ್ ಹಾಕಿ ನೋಡಿದರೆ ಹೊಗೆಯಂಥ ಬಿಳಿ ಮಸುಕು. ಪಿಯುಸಿ ಮಕ್ಕಳಿಗೆ ಪ್ರತಿ ವರ್ಷ ಕ್ಲೋರೈಡ್ ಪರೀಕ್ಷೆ ಮಾಡಿಸುವ ನನಗೆ ಇದು ಹೊಳೆಯಬೇಡವೆ? ನಮ್ಮ ಬೋರ್‌ವೆಲ್ ನೀರಂತೂ ಕೇಳುವುದೇ ಬೇಡ. ಈಗ ನಾನೇ ಬಟ್ಟಿ ಇಳಿಸಿಕೊಳ್ಳುತ್ತೇನೆ.

ಸೋಡಾದಲ್ಲಿ ಅರ್ಧ ಗಂಟೆ ಕುದಿಸಿ ಸೆರಿಸಿನ್ ಎಂಬ ಅಂಟು ತೆಗೆದರೆ ನೂರು ಗ್ರಾಂ ರೇಷ್ಮೆ ಎಪ್ಪತ್ತೈದರ ಆಸುಪಾಸಿಗೆ ಇಳಿಯುತ್ತದೆ. ಸೋಡಾ ಪೂರ್ತಿ ಹೋಗುವವರೆಗೆ ಐದಾರು ನೀರು ತೊಳೆಯಿರಿ, ಇಲ್ಲದಿದ್ದರೆ ಬೆಳ್ಳಿ ಹಾಕಿದಾಗ ಕೆಸರು. ಆಮೇಲೆ ಅದ್ದುವುದು ಒಂದು ಮಿಲಿಮೋಲಾರ್, ಅಂದರೆ ತೀರಾ ತೆಳು, ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ, ಎಂಬತ್ತೈದು ಡಿಗ್ರಿ, ಸುಮಾರು ಒಂದು ಗಂಟೆ. ಬಟ್ಟೆ ಮೊದಲು ತೆಳು ಹಳದಿ, ಆಮೇಲೆ ಜೇನು. ಬೆಲ್ಲದ ಬಣ್ಣಕ್ಕೆ ಹೋಗಲು ಬಿಟ್ಟರೆ ಕೆಟ್ಟಿತು ಅಂತಲೇ ಲೆಕ್ಕ. ಜೇನು ಬಂದ ಮೇಲೆ ಇನ್ನೊಂದು ಅದ್ದು ಇದೆ. ಅದು ಯಾವುದರಲ್ಲಿ ಅಂತ ಸದ್ಯಕ್ಕೆ ಕೇಳಬೇಡಿ. ರಿಡಕ್ಷನ್‌ಗೆ ಬೇರೆ ರಾಸಾಯನಿಕ ಹಾಕಿಲ್ಲ, ಬೆಳ್ಳಿ ಅಯಾನನ್ನು ಲೋಹವಾಗಿಸುವ ಆ ಕೆಲಸವನ್ನು ರೇಷ್ಮೆಯ ಟೈರೋಸಿನ್ ಎಂಬ ಅಮೈನೊ ಆಮ್ಲವೇ ಮಾಡುತ್ತದೆ.

ನಡುವೆ ಬೆಳ್ಳಿ ದುಬಾರಿಯೆಂದು ತಾಮ್ರವನ್ನೂ ನೋಡಿದೆ. ಮೊದಲ ದಿನ ಚೆಂದ ಕೆಂಪು, ವಾರ ಕಳೆಯುವಷ್ಟರಲ್ಲಿ ಹಳೇ ಚೊಂಬಿನ ಹಾಗೆ ಹಸಿರು. ಗೂಡು ನೆನೆಸಿ ನೂಲು ಬಿಚ್ಚುವ ಮಾವನ ಬೇಸಿನ್ನಿನ ನೀರಿಗೂ ಒಂದಿಷ್ಟು ಬೆಳ್ಳಿ ಹಾಕಿ ಮಾಳಿಗೆ ಮೇಲೆ ಬಿಸಿಲಿಗಿಟ್ಟೆ. ಕಂದು ಬಣ್ಣ ಬಂತು, ಜೊತೆಗೆ ಆ ನಾತಕ್ಕೆ ಪಕ್ಕದ ಮನೆಯವರೂ ಬಂದರು.

ಗೆಳೆಯನ ಲ್ಯಾಬಿನಲ್ಲಿ ಬಟ್ಟೆ ಹೀರುವ ಬೆಳಕಿನ ಪೀಕ್ ನಾನೂರಿಪ್ಪತ್ತು ನ್ಯಾನೊಮೀಟರಿನ ಹತ್ತಿರ ಸಿಕ್ಕಿತು, ನ್ಯಾನೊ ಬೆಳ್ಳಿಯ ಗುರುತು ಅದು. ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನಲ್ಲಿ ಇ. ಕೋಲೈ ಬಟ್ಟೆಯ ಅಂಚಿನಿಂದ ಎರಡು ಮೂರು ಮಿಲಿಮೀಟರ್ ದೂರವೇ ನಿಂತಿತು. ಇನ್ನೊಂದು ಬ್ಯಾಕ್ಟೀರಿಯಾ ಸ್ಟಫೈಲೊಕಾಕಸ್ ಸ್ವಲ್ಪ ಮೊಂಡು. ಬರಿಯ ರೇಷ್ಮೆಯ ತುಂಡನ್ನಂತೂ ಎರಡೂ ಮುತ್ತಿಕೊಂಡಿದ್ದವು. ಹತ್ತು ಒಗೆತಕ್ಕೆ ಬಟ್ಟೆಯ ಸುತ್ತ ಬ್ಯಾಕ್ಟೀರಿಯಾ ಬಾರದ ಆ ಉಂಗುರ ಅರ್ಧಕ್ಕಿಳಿಯುತ್ತದೆ, ಸುಳ್ಳು ಹೇಳುವುದಿಲ್ಲ. ಯಾರ ಗಾಯಕ್ಕೂ ಇನ್ನೂ ಕಟ್ಟಿಲ್ಲ.

ಒಟ್ಟು ಹನ್ನೊಂದು ಸಾವಿರ ಹೋಗಿರಬಹುದು. ಸಿಲ್ವರ್ ನೈಟ್ರೇಟ್ ತಗುಲಿದ ಬೆರಳಿನ ಕಪ್ಪು ಕಲೆ ಇನ್ನೂ ಹೋಗಿಲ್ಲ.

ಮೊನ್ನೆ ಮಾವನಿಗೆ ತುಂಡು ತೋರಿಸಿದೆ. ಉಜ್ಜಿ, ಬೆಳಕಿಗೆ ಹಿಡಿದು, "ಸೋಡಾದಾಗೆ ಕಾಲು ಭಾಗ ತೂಕ ಕಳೆದೆಯಲ್ಲ, ಬೆಳ್ಳಿ ಹಾಕಿದ ಮೇಲೆ ಎಷ್ಟು ವಾಪಸ್ ಬಂತು?" ಎಂದರು.

ನಿಮ್ಮ ತಕ್ಕಡಿಗೆ ಸಿಗದಷ್ಟು, ಎಂದೆ.