ಸೂಟ್‌ಕೇಸಿನಲ್ಲಿ ಬಂದ ಮಾತ್ರೆ, ದಾಖಲೆಗೆ ಸೇರದ ಪಿಸಿಒಎಸ್

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳ ಕಡೆಯಿಂದ ಇಂಗ್ಲೆಂಡಿಗೆ ಬರುವ ಹೆಣ್ಣುಮಕ್ಕಳಲ್ಲಿ ವರ್ಷಕ್ಕೆ ಒಬ್ಬಿಬ್ಬರಾದರೂ ನಾನು ಮಾಡಿದ ತಪ್ಪನ್ನೇ ಮಾಡುವುದನ್ನು ಕಂಡು ಇದನ್ನು ಬರೆಯುತ್ತಿದ್ದೇನೆ. ಜಿಪಿ, ಅಂದರೆ ಇಲ್ಲಿನ ಕುಟುಂಬ ವೈದ್ಯರ ಬಳಿ ಹೆಸರು ನೋಂದಾಯಿಸುವ ಕ್ರಮ ಎಲ್ಲರಿಗೂ ಗೊತ್ತು, ಅದನ್ನು ಬಿಡುತ್ತೇನೆ. ನೋಂದಣಿಯ ಫಾರಂ ತುಂಬುವಾಗ ಏನನ್ನು ಬರೆಯದೆ ಬಿಡುತ್ತೇವೆ ಎಂಬುದೇ ಇಲ್ಲಿನ ವಿಷಯ.

ನನಗೆ 24ನೆಯ ವಯಸ್ಸಿನಲ್ಲಿ ಶಿವಮೊಗ್ಗದಲ್ಲಿ ಪಿಸಿಒಡಿ ಎಂದು ಹೇಳಿದ್ದರು. ಹಾರ್ಮೋನ್ ಏರುಪೇರಾಗಿ ಮುಟ್ಟು ಕ್ರಮ ತಪ್ಪುವ ಈ ತೊಂದರೆಗೇ ಇಲ್ಲಿ ಪಿಸಿಒಎಸ್ ಎನ್ನುತ್ತಾರೆ. ಮನೆಯಲ್ಲಿ ಅದನ್ನು ‘ಮುಟ್ಟಿನ ತೊಂದರೆ’ ಎಂದಷ್ಟೇ ಕರೆಯುತ್ತಿದ್ದರು. ಕಾಯಿಲೆಗಳ ಲೆಕ್ಕಕ್ಕೆ ಅದು ಸೇರುತ್ತಿರಲಿಲ್ಲ. ಹಾಗಾಗಿ 31ರಲ್ಲಿ ಇಲ್ಲಿಗೆ ಬಂದಾಗ, ಈಗಿರುವ ಕಾಯಿಲೆಗಳು ಯಾವುವು ಎಂದು ಫಾರಂ ಕೇಳಿದಲ್ಲಿ ‘ಇಲ್ಲ’ ಎಂದು ಬರೆದೆ. ಇದಕ್ಕೂ ಸಕ್ಕರೆ ಕಾಯಿಲೆಗೂ ಕೊಡುವ ಮಾತ್ರೆ, ಆರು ತಿಂಗಳಿಗಾಗುವಷ್ಟು ಮೆಟ್‌ಫಾರ್ಮಿನ್ ಅಪ್ಪೆಮಿಡಿಯ ಭರಣಿಯ ಪಕ್ಕದಲ್ಲೇ ಸೂಟ್‌ಕೇಸಿನಲ್ಲಿ ಬಂದಿತ್ತು. ಮುಗಿದಾಗ ಊರಿಂದ ಬರುವವರ ಕೈಯಲ್ಲಿ ತಮ್ಮ ಮತ್ತಷ್ಟು ಕಳುಹಿಸುತ್ತಿದ್ದ. ನಾನು ಮಾತ್ರೆ ನುಂಗುತ್ತಿದ್ದೇನೆಂಬುದಾಗಲಿ, ಏಕೆ ನುಂಗುತ್ತಿದ್ದೇನೆಂಬುದಾಗಲಿ ಇಲ್ಲಿನ ಯಾವ ದಾಖಲೆಯಲ್ಲೂ ಇರಲಿಲ್ಲ.

ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿರುವುದು ಪಿಸಿಒಎಸ್‌ನ ಮೂಲದಲ್ಲೇ ಇರುವ ದೋಷಗಳಲ್ಲೊಂದು. ಅದರ ಬೆನ್ನಿಗೇ ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ ಏರುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಇಳಿಯುತ್ತದೆ, ಬಿಪಿ ಹೆಚ್ಚುವ ಸಾಧ್ಯತೆಯೂ ಬೆಳೆಯುತ್ತದೆ. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಪಿಸಿಒಎಸ್ಸನ್ನು ಹೃದ್ರೋಗದ ಅಪಾಯ ಹೆಚ್ಚಿಸುವ ಅಂಶವೆಂದೇ ಪರಿಗಣಿಸಬೇಕು ಎನ್ನುತ್ತದೆ: ಪತ್ತೆಯಾದಾಗ ಕೊಲೆಸ್ಟ್ರಾಲ್ ಪರೀಕ್ಷೆ, ವರ್ಷಕ್ಕೊಮ್ಮೆ ಬಿಪಿ, ಒಂದರಿಂದ ಮೂರು ವರ್ಷಕ್ಕೊಮ್ಮೆ ಸಕ್ಕರೆಯ ಪರೀಕ್ಷೆ. ತೆಳ್ಳಗಿದ್ದೇನೆಂಬ ಧೈರ್ಯವೂ ಬೇಡ; ನಮ್ಮಂಥ ದಕ್ಷಿಣ ಏಷ್ಯಾದವರಿಗೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 23 ದಾಟಿದರೆ ಸಾಕು, ಇಲ್ಲಿನ ನಿಯಮದಂತೆ ಅದು ಅಧಿಕ ತೂಕ.

ಈಗ ನಾನು ಬಿದ್ದ ಬಲೆಯ ವಿಷಯ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಉಚಿತ ಆರೋಗ್ಯ ತಪಾಸಣೆಗೆ ತಾನಾಗಿಯೇ ಪತ್ರ ಕಳುಹಿಸುತ್ತದೆ ಎಂದು ಗೆಳತಿಯರು ಹೇಳಿದ್ದರು, ನಾನು ಕಾಯುತ್ತ ಕುಳಿತೆ. ಆ ಪತ್ರ ಬರುವುದು 40ರಿಂದ 74 ವರ್ಷದವರಿಗೆ, ಅದೂ ಐದು ವರ್ಷಕ್ಕೊಮ್ಮೆ. ಮೂವತ್ತರ ಆಸುಪಾಸಿನಲ್ಲಿರುವ ಪಿಸಿಒಎಸ್‌ನವರಿಗೆ ಅದು ಬರುವುದೇ ಇಲ್ಲ. ಮುಂದಿನ ಹತ್ತು ವರ್ಷದಲ್ಲಿ ಹೃದಯಾಘಾತ, ಪಾರ್ಶ್ವವಾಯು ಆಗುವ ಅಪಾಯವನ್ನು ವೈದ್ಯರು ಅಂದಾಜಿಸುವ ಕ್ಯೂರಿಸ್ಕ್-3 ಎಂಬ ಲೆಕ್ಕವಿದೆ. ಅದು ನೀವು ಭಾರತೀಯರೇ ಎಂದು ಕೇಳುತ್ತದೆ, ಅಪ್ಪನಿಗೆ 60ಕ್ಕಿಂತ ಮೊದಲು ಹೃದಯಾಘಾತವಾಗಿತ್ತೇ ಎಂದು ಕೇಳುತ್ತದೆ, ಮೈಗ್ರೇನ್ ಇದೆಯೇ ಎಂದೂ ಕೇಳುತ್ತದೆ, ಆದರೆ ಪಿಸಿಒಎಸ್ ಬಗ್ಗೆ ಕೇಳುವುದಿಲ್ಲ. ವಯಸ್ಸು ಚಿಕ್ಕದಾದ್ದರಿಂದ ಉತ್ತರವೂ ಸಾಮಾನ್ಯವಾಗಿ ಚಿಕ್ಕದೇ ಬರುತ್ತದೆ. ಹೀಗೆ ನನ್ನ ಏಳು ವರ್ಷ ಹೋಯಿತು. 38ರಲ್ಲಿ ಕೆಮ್ಮಿನ ಔಷಧಿಗೆಂದು ಫಾರ್ಮಸಿಗೆ ಹೋದವಳು, ಅಪ್ಪನಿಗೆ 54ರಲ್ಲೇ ಹೃದಯಾಘಾತವಾದದ್ದನ್ನು ಮಾತಿನ ನಡುವೆ ಹೇಳಿದೆ. 40 ದಾಟಿದವರಿಗೆ ಮೀಸಲಾದ ಉಚಿತ ಬಿಪಿ ಪರೀಕ್ಷೆಯನ್ನು ಅಲ್ಲಿದ್ದಾಕೆ ಅದೇ ಕಾರಣಕ್ಕೆ ನನಗೂ ಮಾಡಿದಳು: 158/96.

ಆಮೇಲೆ ರಕ್ತಪರೀಕ್ಷೆಯಾಯಿತು. ಕೊಲೆಸ್ಟ್ರಾಲ್ 6.2 ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, “ಆರೇ ಆರಾ? ನಂದು ಇನ್ನೂರಾ ಮೂವತ್ತಿದೆ ಮಾರಾಯ್ತಿ” ಎಂದು ಅವರು ನಿಟ್ಟುಸಿರು ಬಿಟ್ಟರು. ಎರಡೂ ಕಡೆ ಅಳೆಯುವ ಮಾನವೇ ಬೇರೆ; ಇಲ್ಲಿನ ಅಂಕಿಯನ್ನು 38.67ರಿಂದ ಗುಣಿಸಿದರೆ ಊರಿನ ಅಂಕಿ ಸಿಗುತ್ತದೆ. ನನ್ನದು 240, ಅಮ್ಮನಿಗಿಂತ ಹೆಚ್ಚು. ಟ್ರೈಗ್ಲಿಸರೈಡ್‌ಗೆ ಗುಣಿಸಬೇಕಾದದ್ದು 88.57. ಎಚ್‌ಬಿಎ1ಸಿ, ಅಂದರೆ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ, ಇಲ್ಲಿ 44 ಎಂದು ಬಂದರೆ ಊರಿನ ಲೆಕ್ಕದಲ್ಲಿ ಸುಮಾರು 6.2 ಶೇಕಡಾ, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು.

ಯಾವ ವ್ಯವಸ್ಥೆ ಮೇಲು ಎಂದು ಕೇಳಿದರೆ, ಪರೀಕ್ಷೆಗೆ ಶಿವಮೊಗ್ಗವೇ ಮೇಲು ಎನ್ನುತ್ತೇನೆ: ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ಹಣ ಕೊಟ್ಟರೆ ಸಂಜೆಗೆ ವರದಿ ಕೈಯಲ್ಲಿರುತ್ತದೆ, ಯಾರ ಅಪ್ಪಣೆಯೂ ಬೇಡ. ಆದರೆ ಆ ವರದಿ ಸೀರೆ ಅಂಗಡಿಯ ಕವರಿನೊಳಗೆ, ಬೀರುವಿನಲ್ಲಿ ಉಳಿದುಹೋಗುತ್ತದೆ. ಇಲ್ಲಿ ಜಿಪಿ ಬರೆದರೇ ಪರೀಕ್ಷೆ. ಒಮ್ಮೆ ದಾಖಲೆಗೆ ಸೇರಿದ್ದನ್ನು ಮಾತ್ರ ವ್ಯವಸ್ಥೆ ಮರೆಯುವುದಿಲ್ಲ.

ಆದ್ದರಿಂದ ಆ ಕವರನ್ನು ಊರಿಂದ ತನ್ನಿ. ಹಳೆಯ ಸ್ಕ್ಯಾನ್ ವರದಿಯ ಪ್ರತಿಯನ್ನು ಜಿಪಿಗೆ ಕೊಟ್ಟು, ಪಿಸಿಒಎಸ್ ಎಂಬ ಹೆಸರಿನಲ್ಲಿಯೇ ದಾಖಲಿಸುವಂತೆ ಕೇಳಿ, ಎನ್‌ಎಚ್‌ಎಸ್ ಆ್ಯಪಿನಲ್ಲಿ ಅದು ಬಂದಿದೆಯೇ ಎಂದು ನೀವೇ ನೋಡಿ. ಮುಟ್ಟು ಸರಿಪಡಿಸುವ ಹಾರ್ಮೋನ್ ಮಾತ್ರೆಯನ್ನಂತೂ ಊರಿಂದ ತರಿಸಲೇಬೇಡಿ. ಬಿಪಿ ಹೆಚ್ಚಿದ್ದರೆ ಈಸ್ಟ್ರೋಜನ್ ಇರುವ ಮಾತ್ರೆ ಪಾರ್ಶ್ವವಾಯುವಿನ ಅಪಾಯವನ್ನು ಹೆಚ್ಚಿಸುತ್ತದೆ, ಇಲ್ಲಿ ಅದನ್ನು ಕೊಡುವ ಮೊದಲು ಬಿಪಿ ನೋಡುವುದು ಅದಕ್ಕಾಗಿಯೇ.

ಹಣದ ಮಾತೊಂದಿದೆ. ಮೆಟ್‌ಫಾರ್ಮಿನ್ ಇಲ್ಲಿಯೇ ಬರೆಸಿಕೊಂಡ ಮೇಲೆ, ಸಕ್ಕರೆ ಕಾಯಿಲೆಯವರಿಗೆ ಔಷಧ ಉಚಿತವೆಂದು ಯಾರೋ ಹೇಳಿದ್ದನ್ನು ನಂಬಿ ಔಷಧ ಚೀಟಿಯಲ್ಲಿನ ಶುಲ್ಕ ವಿನಾಯಿತಿಯ ಚೌಕದಲ್ಲಿ ಗುರುತು ಹಾಕಿದೆ. ವಿನಾಯಿತಿ ಸಿಗುವುದು ಸಕ್ಕರೆ ಕಾಯಿಲೆಗೆ, ಅದೂ ಪ್ರಮಾಣಪತ್ರ ಪಡೆದವರಿಗೆ. ಮಾತ್ರೆ ಅದೇ ಆದರೂ ಪಿಸಿಒಎಸ್‌ಗಾಗಿ ನುಂಗುವವರು ಶುಲ್ಕ ಕೊಡಲೇಬೇಕು. ತಪ್ಪು ಗುರುತಿಗೆ ಮೂಲ ಶುಲ್ಕದ ಜೊತೆಗೆ ಅದರ ಐದು ಪಟ್ಟು ದಂಡ, 100 ಪೌಂಡ್‌ವರೆಗೆ. ಸಮಯಕ್ಕೆ ಕಟ್ಟದಿದ್ದರೆ ಅದರ ಮೇಲೆ ಇನ್ನೂ 50 ಪೌಂಡ್‌ವರೆಗೆ. ನಾನು ಇಷ್ಟು ವರ್ಷ ಕಾದಿದ್ದಕ್ಕೆ ಎನ್‌ಎಚ್‌ಎಸ್‌ನಿಂದ ತಾನಾಗಿಯೇ ಬಂದ ಮೊದಲ ಪತ್ರ ಆ ದಂಡದ ನೋಟಿಸು.